ಸೋರುವುದು ನಿಂತ ಪಂಪು

ದಾಖಲೆಯಲ್ಲಿ ಅವರ ಹೆಸರು ಅಬ್ದುಲ್ ರಹಿಮಾನ್. ಲಾಯಿಲದಿಂದ ಬಂಟ್ವಾಳದವರೆಗೆ ಡ್ರೈವರುಗಳಿಗೆಲ್ಲ ಅವರು ಅದ್ರಾಮ ಬ್ಯಾರಿ. ಲಾಯಿಲದ ರಸ್ತೆ ಬದಿಯಲ್ಲಿ ಅವರದೊಂದು ರಿಪೇರಿ ಶೆಡ್ಡು. ರುಕ್ಮಯ್ಯ ಓಡಿಸುತ್ತಿದ್ದ ಹಳೆಯ ಪೆಟ್ರೋಲ್ ಬಸ್ಸು ಸಂಜೆ ಅದರ ಎದುರು ಬಂದು ನಿಂತರೆ ಹೊರಡುವುದು ಮರುದಿನ ಬೆಳಿಗ್ಗೆಯೇ. ಬಸ್ಸು ನಿಂತ ಕೂಡಲೇ ಬ್ಯಾರಿ ಅದರ ಇಂಜಿನ್ನಿನ ಕೆಳಗೆ ಒಂದು ಅಡಿಕೆ ಹಾಳೆ ಹಾಸುತ್ತಿದ್ದರು. ಬೆಳಿಗ್ಗೆ ಹಾಳೆಯನ್ನು ಎಳೆದು ನೋಡುವುದು, ಆಮೇಲೆ ಚಹಾ. ಹಾಳೆಯಲ್ಲಿ ಎಣ್ಣೆ ಎಲ್ಲಿ ಬಿದ್ದಿದೆ, ನೀರು ಎಷ್ಟು ನಿಂತಿದೆ ಎಂದು ನೋಡಿದರೆ ಅವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಡ್ರೈವರು ಹೇಳುವ ಕತೆಯನ್ನು ಅವರು ಕೊನೆಗೆ ಕೇಳುತ್ತಿದ್ದರು.

೧೯೫೮ರ ಬೇಸಗೆಯಲ್ಲಿ ಆ ಬಸ್ಸಿನ ನೀರಿನ ಪಂಪು ಸೋರತೊಡಗಿತು. ಫೆಬ್ರವರಿಯಲ್ಲಿ ರಾತ್ರಿಗೆ ತೆಂಗಿನ ಗೆರಟೆಯ ಕಾಲು ಭಾಗ ನೀರು, ಮಾರ್ಚಿನಲ್ಲಿ ಅರ್ಧ, ಏಪ್ರಿಲ್ ಕೊನೆಗೆ ಪೂರ್ತಿ ಒಂದು ಗೆರಟೆ. ಬಿಗಿ ಮಾಡಬಹುದಾದ ನಟ್ಟನ್ನು ಕೊನೆಯವರೆಗೆ ತಿರುಗಿಸಿ ಆಗಿತ್ತು. ಬ್ಯಾರಿ ಮಂಗಳೂರಿನಿಂದ ಹೊಸ ಪಂಪು ತರಿಸಿ ಗೋಣಿಯಲ್ಲಿ ಸುತ್ತಿಟ್ಟರು. ಅದನ್ನು ಹಾಕಲು ಅರ್ಧ ದಿನ ಬಸ್ಸು ನಿಲ್ಲಬೇಕು. ಮೂಡುಬಿದಿರೆಯಲ್ಲಿದ್ದ ಬಸ್ಸಿನ ಧನಿಗಳು ಮದುವೆಯ ಕಾಲ ಮುಗಿಯಲಿ ಎಂದು ಹೇಳಿ ಕಳುಹಿಸಿದರು.

ಮೇ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಹಾಳೆ ಒಣಗಿತ್ತು.

ಬ್ಯಾರಿ ಹಾಳೆಯನ್ನು ತಿರುಗಿಸಿ ನೋಡಿದರು. ರೇಡಿಯೇಟರಿನ ಮುಚ್ಚಳ ತೆಗೆದರು. ನೀರು ಬಾಯಿಯವರೆಗೂ ಇತ್ತು. ಮೂರು ತಿಂಗಳು ಸೋರಿದ ಪಂಪು ಒಂದೇ ರಾತ್ರಿಯಲ್ಲಿ ತಾನಾಗಿ ಸರಿಯಾಗುವುದಿಲ್ಲ. ಒಣಗಿದ ಆ ಹಾಳೆ ಅವರಿಗೆ ತುಂಬಿದ ಗೆರಟೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ನಿಂತಿತಲ್ಲ! ಇನ್ನು ಹೊಸ ಪಂಪು ಯಾಕೆ?" ಎಂದ ರುಕ್ಮಯ್ಯ, ಕೈಯಲ್ಲಿ ಚಹಾದ ಗ್ಲಾಸು ಹಿಡಿದು.

ಬ್ಯಾರಿ ಪಂಪಿನ ಅಡಿಯನ್ನು ಬೆರಳಿನಿಂದ ಒರೆಸಿ ಮೂಸಿದರು.

"ರುಕ್ಮಯ್ಯ, ಇದರೊಳಗೆ ಸಾರು ಮಾಡಿದ್ದು ಯಾರು?"

ರುಕ್ಮಯ್ಯ ಗ್ಲಾಸಿನೊಳಗೆ ನೋಡಿದ.

"ಅರಸಿನ. ಎಷ್ಟು ಹಾಕಿದ್ದಿ?"

"ರೇಡಿಯೇಟರಿಗೆ ಎರಡು ಮುಷ್ಟಿ. ಸ್ವಲ್ಪ ತೌಡು ಕೂಡ. ಉಜಿರೆಯಲ್ಲಿ ಒಬ್ಬ ಲಾರಿಯವ ಹೇಳಿದ. ಬೈಯಬೇಡಿ ಬ್ಯಾರಿಗಳೇ, ನಾಳೆ ದಿಬ್ಬಣ ಉಂಟು. ನೋಣಯ್ಯಣ್ಣನ ಮಗನ ಮದುವೆ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ. ಇನ್ನೊಂದು ಟ್ರಿಪ್ಪು ತಪ್ಪಿದರೆ ಬಸ್ಸು ಬೇರೆಯವನ ಕೈಗೆ ಅಂತ ಧನಿಗಳು ಹೇಳಿದ್ದಾರೆ."

ಬ್ಯಾರಿ ಬೈಯಲಿಲ್ಲ. ಅವನ ಕೈಯನ್ನು ಹಿಡಿದು ಫ್ಯಾನಿನ ರೆಕ್ಕೆಯ ಮೇಲೆ ಇಟ್ಟರು. "ಅಲುಗಾಡಿಸು."

ರೆಕ್ಕೆ ಹಿಂದೆ ಮುಂದೆ ಒಂದು ನೂಲಿನಷ್ಟು ಅಲುಗಿತು.

"ಫ್ಯಾನು ಕೂತಿರುವುದು ಪಂಪಿನ ಸರಳಿನ ಮೇಲೆ. ಸರಳನ್ನು ಹಿಡಿದುಕೊಳ್ಳುವ ಬುಷ್ ಸವೆದಿದೆ. ಸವೆದದ್ದಕ್ಕೆ ನೀರು ಸೋರುತ್ತಿತ್ತು. ನೀನು ಸೋರುವುದನ್ನು ಮುಚ್ಚಿದ್ದಿ, ಸವೆಯುವುದನ್ನು ಅಲ್ಲ. ತೌಡು ಇನ್ನೂ ಬೇಗ ಸವೆಸುತ್ತದೆ. ಸರಳು ತುಂಡಾದರೆ ಫ್ಯಾನು ನೇರ ರೇಡಿಯೇಟರಿಗೆ. ಅದು ಎಲ್ಲಿ ಆಗ್ತದೆ? ಇಂಜಿನ್ನಿಗೆ ಹೆಚ್ಚು ಭಾರ ಬೀಳುವಲ್ಲಿ."

ಅದು ಘಾಟಿಯ ತಿರುವು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ಬಸ್ಸಿನ ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ ಇತ್ತು. ಏರಿನಲ್ಲಿ ನಿಲ್ಲಿಸಿದರೆ ಚಕ್ರದ ಹಿಂದೆ ಮರದ ತುಂಡು ಇಡುವವರೆಗೆ ಅದು ಹಿಂದಕ್ಕೆ ಜಾರುತ್ತಿತ್ತು.

"ಇವತ್ತು ಮಧ್ಯಾಹ್ನ ಬಸ್ಸು ಕೊಡು. ಸಂಜೆಗೆ ಮುಗಿಸ್ತೇನೆ."

"ಇವತ್ತು ಬೆಳುವಾಯಿಯ ದಿಬ್ಬಣ. ಹಿಂದೆ ಬರುವಾಗ ಕತ್ತಲೆ. ನಾಳೆ ಒಂದು ದಿನ ಬ್ಯಾರಿಗಳೇ, ಮೆಲ್ಲಗೆ ಹತ್ತುವ."

ಮರುದಿನ ಬೆಳಿಗ್ಗೆ ಆರಕ್ಕೆ ದಿಬ್ಬಣ ಹೊರಟಾಗ ಬ್ಯಾರಿ ಹೊಸ ಪಂಪಿನ ಗೋಣಿಯನ್ನು ಹೆಗಲಿಗೆ ಹಾಕಿಕೊಂಡು ಬಂದು ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕುಳಿತರು. ಬಸ್ಸಿನಲ್ಲಿ ನಲವತ್ತೊಂದು ಜನ. ಮದುಮಗನ ತಾಯಿ ಪೂವಮ್ಮ ಮುಂದಿನ ಸೀಟಿನಿಂದಲೇ ಕೇಳಿದರು: "ಬ್ಯಾರಿಗಳಿಗೆ ಮದುವೆಯ ಹೇಳಿಕೆ ಹೋಗಿತ್ತಾ?"

"ಬಸ್ಸಿಗೆ ಹೋಗಿತ್ತು. ನಾನು ಬಸ್ಸಿನ ಕಡೆಯವ," ಎಂದರು ಬ್ಯಾರಿ. ಹಿಂದಿನವರು ನಕ್ಕರು.

ಬ್ಯಾರಿ ನಗಲಿಲ್ಲ. ಉಜಿರೆ ದಾಟಿದ ಮೇಲೆ ಇಂಜಿನ್ನಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು ಕೇಳತೊಡಗಿತ್ತು, ಒಣ ತೆಂಗಿನಕಾಯಿಯೊಳಗೆ ಕೊಬ್ಬರಿ ಉರುಳುವಂಥದು. ಮುಂಡಾಜೆಯಲ್ಲಿ ಅದು ನಿಂತಿತು. ಮುಂದೆ ಮತ್ತೆ ಶುರುವಾಯಿತು. ಬಿಸಿಲೇರುವ ಮೊದಲೇ ರುಕ್ಮಯ್ಯನ ಅಂಗಿ ಬೆನ್ನಿಗೆ ಅಂಟಿತ್ತು. ಅವನಿಗೂ ಅದು ಕೇಳುತ್ತಿತ್ತು. ಆದರೆ ಬ್ಯಾರಿಯ ಕಡೆ ಅವನು ತಿರುಗಿ ನೋಡಲಿಲ್ಲ.

ಚಾರ್ಮಾಡಿಯಲ್ಲಿ, ಏರು ಶುರುವಾಗುವ ಮೊದಲು, ವಾಡಿಕೆಯಂತೆ ನೀರು ತುಂಬಿಸಲು ಬಸ್ಸು ನಿಂತಿತು. ಬ್ಯಾರಿ ಇಳಿದು ಬಾನೆಟ್ ಎತ್ತಿ ರೆಕ್ಕೆ ಹಿಡಿದರು. ಅದು ನಿನ್ನೆಯ ಎರಡರಷ್ಟು ಅಲುಗಿತು. ಎದುರಿನ ಬೆಟ್ಟದಲ್ಲಿ ರಸ್ತೆ ಕಾಡಿನೊಳಗೆ ಹೋಗಿ ಮೇಲೆ ಎಲ್ಲೋ ಒಂದು ಗೆರೆಯಾಗಿ ಕಾಣುತ್ತಿತ್ತು.

ಅವರು ಯಾರನ್ನೂ ಕೇಳಲಿಲ್ಲ. ಬಸ್ಸಿನಡಿಗೆ ನುಗ್ಗಿ ರೇಡಿಯೇಟರಿನ ತಳದ ಬಿರಡೆ ಬಿಚ್ಚಿದರು. ಹಳದಿ ನೀರು ರಸ್ತೆಯ ಮಣ್ಣಿನಲ್ಲಿ ಹರಿಯಿತು.

ಮದುಮಗನ ತಂದೆ ನೋಣಯ್ಯ ಓಡಿ ಬಂದರು. "ಏನು ಮಾಡಿದ್ದು ನೀವು? ಹನ್ನೊಂದೂಮುಕ್ಕಾಲಿಗೆ ಮುಹೂರ್ತ!"

"ಗೊತ್ತುಂಟು. ಮೂರು ಗಂಟೆ ಬೇಕು."

"ಅಯ್ಯೋ, ಅರಸಿನ ನೀರು!" ಎಂದರು ಪೂವಮ್ಮ. "ಮದುಮಗನಿಗಿಂತ ಮೊದಲು ಬಸ್ಸಿಗೇ ಅರಸಿನ ಹಚ್ಚಿದ್ದೀರಾ ರುಕ್ಮಯ್ಯ?"

ಈ ಸಲ ಯಾರೂ ನಗಲಿಲ್ಲ. ನೋಣಯ್ಯ ಬ್ಯಾರಿಯ ಅಂಗಿಗೆ ಕೈಹಾಕಿದರು. "ನಮ್ಮ ಮದುವೆ ಕೆಡಿಸಲು ನಿಮಗೆ ಯಾರು ಹೇಳಿದ್ದು?"

"ಅವರನ್ನು ಬಿಡಿ ನೋಣಯ್ಯಣ್ಣ," ಎಂದ ರುಕ್ಮಯ್ಯ. "ಅರಸಿನ ಹಾಕಿದ್ದು ನಾನು. ಪಂಪು ಹಾಳಾಗಿದೆ ಅಂತ ಗೊತ್ತಿದ್ದೇ ಹತ್ತಿಸಲು ಹೊರಟಿದ್ದೆ."

ನೋಣಯ್ಯನ ಕೈ ಸಡಿಲವಾಯಿತು. ಬ್ಯಾರಿ ಆಗಲೇ ಫ್ಯಾನಿನ ಬೆಲ್ಟು ಬಿಚ್ಚುತ್ತಿದ್ದರು. ಪಂಪಿನ ನಾಲ್ಕು ಬೋಲ್ಟುಗಳಲ್ಲಿ ಮೂರು ಬಂದವು. ತುಕ್ಕು ಹಿಡಿದ ನಾಲ್ಕನೆಯದಕ್ಕೆ ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ಕಾಯಬೇಕಾಯಿತು. ಪಂಪು ಕೈಗೆ ಬಂದ ಮೇಲೆ ಬೆಲ್ಟಿನ ಪುಲ್ಲಿಯನ್ನು ಬಿಡಿಸಲು ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟರು. ಬೆಂಡೆಕಾಯಿ ಮುರಿದ ಹಾಗೆ ಸರಳು ಎರಡು ತುಂಡಾಯಿತು.

ಅವರು ತುಂಡನ್ನು ರುಕ್ಮಯ್ಯನಿಗೆ ತೋರಿಸಿದರು. ಮುರಿದ ಮುಖದ ಬಹುಭಾಗ ಕಪ್ಪಾಗಿತ್ತು. ಅಂದರೆ ಎಷ್ಟೋ ದಿನಗಳ ಹಿಂದೆಯೇ ಬಿರುಕು ಬಿಟ್ಟು ತುಕ್ಕು ಹಿಡಿದಿತ್ತು. ಒಂದು ಅಂಚಿನಲ್ಲಿ ಮಾತ್ರ ಹೊಸ ಲೋಹ ಹೊಳೆಯುತ್ತಿತ್ತು, ಉಗುರಿನ ತುದಿಯಷ್ಟು. ಲಾಯಿಲದಿಂದ ಅಲ್ಲಿಯವರೆಗೆ ಫ್ಯಾನನ್ನು ಹಿಡಿದಿದ್ದದ್ದು ಅಷ್ಟೇ. ರುಕ್ಮಯ್ಯ ಮೈಲುಗಲ್ಲಿನ ಮೇಲೆ ಕುಳಿತುಬಿಟ್ಟ. ಬ್ಯಾರಿ ಅವನಿಗೆ ನೀರಿನ ಚೊಂಬು ಕೊಟ್ಟು, "ಕುಡಿ. ಹತ್ತಿಸಬೇಕಾದವ ನೀನೇ," ಎಂದರು.

ಹೊಸ ಪಂಪು ಕೂರಿಸಿ ಹತ್ತೂವರೆಗೆ ಬಸ್ಸು ಹೊರಟಿತು. ಮುಹೂರ್ತ ದಾರಿಯಲ್ಲೇ ಕಳೆಯಿತು. ಪುರೋಹಿತರು ಮೂರು ಗಂಟೆಗೆ ಇನ್ನೊಂದನ್ನು ಹುಡುಕಿ ಮದುವೆ ಮಾಡಿಸಿದರು. ನೋಣಯ್ಯ ವರ್ಷವಿಡೀ ಬ್ಯಾರಿಯೊಡನೆ ಮಾತಾಡಲಿಲ್ಲ. ಧನಿಗಳು ಬಸ್ಸನ್ನು ಬೇರೆಯವನಿಗೆ ಕೊಟ್ಟರು. ರುಕ್ಮಯ್ಯ ಲಾಯಿಲದ ಶೆಡ್ಡಿನಲ್ಲೇ ಸ್ಪ್ಯಾನರು ಹಿಡಿದ.

ದಿಬ್ಬಣದ ಕತೆ ಮಾತ್ರ ರಸ್ತೆಯುದ್ದಕ್ಕೂ ಓಡಿತು. ಜನರು ಅದನ್ನು ಹೇಗೆ ಹೇಳುತ್ತಿದ್ದರೆಂಬುದು ಬ್ಯಾರಿಗೆ ತಿಳಿದದ್ದು ಮುಂದಿನ ಬೇಸಗೆಯಲ್ಲಿ. ಬಂಟ್ವಾಳದಲ್ಲಿ ನಿಂತಿದ್ದ ಒಂದು ಲಾರಿಯ ಮುಂದೆ ಅದರ ಡ್ರೈವರು ಕೈಗೆ ಅಂಟಿದ ಹಳದಿ ಪುಡಿಯನ್ನು ಕೊಡವುತ್ತಿದ್ದ.

"ಪಂಪು ಸೋರ್ತದಾ?" ಎಂದು ಕೇಳಿದರು ಬ್ಯಾರಿ.

"ಸೋರ್ತಿತ್ತು. ಈಗ ಒಂದು ಹನಿ ಇಲ್ಲ. ಲಾಯಿಲದ ಒಂದು ಬಸ್ಸಿನವರ ಮದ್ದಂತೆ ಮಾರಾಯ್ರೆ. ಆ ಬಸ್ಸು ಚಾರ್ಮಾಡಿಯವರೆಗೆ ಒಂದು ಹನಿ ಸೋರದೆ ಹೋಗಿತ್ತಂತೆ."

"ಮುಂದಿನದ್ದು ಕೇಳು, ಆ ಪಂಪಿನ ಸರಳು—"

ಇಂಜಿನ್ ಶುರುವಾಗಿತ್ತು. ಡ್ರೈವರು ಕಿವಿಗೆ ಕೈ ಹಿಡಿದು, ಕೇಳಿಸುವುದಿಲ್ಲ ಎಂದು ನಗುತ್ತಾ ತಲೆಯಾಡಿಸಿದ. ಹೆಂಚು ತುಂಬಿದ ಲಾರಿ ಘಾಟಿಗೆ ಹೋಗುವ ಬೆಳ್ತಂಗಡಿಯ ರಸ್ತೆಗೆ ತಿರುಗಿತು. ಬ್ಯಾರಿ ಕೈ ಎತ್ತಿ ಕೂಗುತ್ತಾ ಅದರ ಹಿಂದೆ ಓಡಿದರು.