ಕಾಗದ ಹಾರಿಸದ ಗಾಳಿ

ಕಚೇರಿಗಳ ಕಿಟಕಿಗಳನ್ನು ನೀವು ಎಂದಾದರೂ ನಿಧಾನವಾಗಿ ನೋಡಿದ್ದೀರೋ ಇಲ್ಲವೋ ತಿಳಿಯದು. ತೆರೆಯಲೆಂದೇ ಅವುಗಳನ್ನು ಇಡಿಸುತ್ತಾರೆ. ಇಡಿಸಿದ ಮೇಲೆ ಮುಚ್ಚಿಯೇ ಇಡುತ್ತಾರೆ. ಮುಚ್ಚಿದ ಕಿಟಕಿಗೆ ಬೀರು ಒರಗಿಸಿ, ಬೀರುವಿನ ಮೇಲೆ ಕಡತ ಪೇರಿಸಿ, ಕತ್ತಲಾಯಿತೆಂದು ನಡುಹಗಲಲ್ಲೇ ಟ್ಯೂಬ್‌ಲೈಟು ಹಚ್ಚಿ, ಸೆಖೆಯಾಯಿತೆಂದು ಫ್ಯಾನು ತಿರುಗಿಸಿ, ಕೊನೆಗೆ ಕರೆಂಟು ಹೋಯಿತೆಂದು ಲೈನ್‌ಮನ್ನನನ್ನು ಬೈಯುವುದು ನಮ್ಮಲ್ಲಿ ಷೋಡಶೋಪಚಾರದಷ್ಟೇ ಕ್ರಮಬದ್ಧವಾದ ವಿಧಿ.

ಶಿಕಾರಿಪುರದ ನಮ್ಮ ರೈತರ ಸಹಕಾರ ಸಂಘದಲ್ಲೂ ಈ ವಿಧಿ ಲೋಪವಿಲ್ಲದೆ ನಡೆಯುತ್ತಿತ್ತು. ಕಚೇರಿ ಇದ್ದದ್ದು ಹಿಂದೆ ಗೊಬ್ಬರದ ಗೋದಾಮಾಗಿದ್ದ ಕೋಣೆಯಲ್ಲಿ. ಗೊಬ್ಬರ ಖಾಲಿಯಾಗಿ ವರ್ಷಗಳಾದರೂ ಅದರ ಘಾಟು ಕಾಯಂ ನೌಕರಿ ಹಿಡಿದು ಅಲ್ಲೇ ಕುಳಿತಿತ್ತು. ಅದರ ಜೊತೆ ದಿನಕ್ಕೆಂಟು ತಾಸು ಕೂರಬೇಕಾದವರು ಗುಮಾಸ್ತೆ ಗಿರಿಜಮ್ಮ. ಅವರಿಗೆ ದಮ್ಮು ಹತ್ತಿತ್ತು. "ಜಾಗ ಬದಲಿಸಿ, ಇಲ್ಲವೇ ಕೆಲಸ ಬಿಡಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಆ ಮೇಜಿನ ಮುಂದೆ ಕೂತರೆ ಇಡೀ ತಾಲ್ಲೂಕಿನ ರೈತರನ್ನು ಹೆಸರು ಹಿಡಿದು ಕರೆಯಬಲ್ಲ ಆ ಹೆಂಗಸಿಗೆ ಕೆಲಸ ಬಿಡುವುದೆಂದರೆ ಊರು ಬಿಟ್ಟಂತೆಯೇ.

ಅಂತೂ ಹೊಸ ಕಟ್ಟಡವಾಗಬೇಕೆಂದು ತೀರ್ಮಾನವಾಯಿತು. ಕಟ್ಟಡ ಸಮಿತಿಗೆ ನನ್ನನ್ನೂ ಸೇರಿಸಿದರು. ನನಗಿದ್ದ ಅರ್ಹತೆಯೆಂದರೆ ಹಿಂದೊಮ್ಮೆ ಕೊಟ್ಟಿಗೆ ಕಟ್ಟಿಸಿದ್ದು. ಅದರ ಬಾಗಿಲು ಗಿಡ್ಡವಾಗಿ, ಎತ್ತುಗಳು ತಲೆ ತಗ್ಗಿಸಿ ನಡೆಯುವ ವಿನಯವನ್ನು ಕಲಿತವೇ ಹೊರತು ನಾನು ಅಳತೆಯನ್ನು ಕಲಿಯಲಿಲ್ಲ. ಅಧ್ಯಕ್ಷ ಚನ್ನಬಸಪ್ಪನವರು ಮೆಕ್ಕೆಜೋಳದ ವ್ಯಾಪಾರಿ. ಅವರಿಗೆ ಬೇಕಾದದ್ದು ಮುಂದೆಲ್ಲ ಗಾಜು, ಒಳಗೆಲ್ಲ ಏಸಿ. ಗಾಳಿಯಾಡದ ಆ ಪೆಟ್ಟಿಗೆಯಲ್ಲಿ ಗಿರಿಜಮ್ಮನ ಗತಿ ಏನೆಂದು ಯಾರೂ ಕೇಳಲಿಲ್ಲ. ಹೇಡಿಯಾದ ನಾನೂ ಕೇಳಲಿಲ್ಲ.

ಕೇಳಿದವಳು ಸೊರಬದ ಕಡೆಯ ಜಡೆ ಎಂಬ ಊರಿನಿಂದ ಬಂದ ಎಂಜಿನಿಯರ್ ಸವಿತಾ. ಜಂಬಿಟ್ಟಿಗೆ ಗೋಡೆ, ಪಡುವಣ ಬಿಸಿಲಿಗೆ ಅಡ್ಡವಾಗಿ ಚಾಚಿದ ಮಾಡು, ಎದುರುಬದುರು ಕಿಟಕಿ, ಮಾಡಿನ ಮೇಲೆ ಸೌರಫಲಕ. ಫ್ಯಾನು-ದೀಪ ಕಡಿಮೆ ಬೇಕಾಗುವುದರಿಂದ ಫಲಕಗಳೂ ಕಡಿಮೆ ಸಾಕು, ಸಂಘದ ಕೈಗೆ ಎಟುಕುವ ಕಟ್ಟಡ, ವರ್ಷದ ಕರೆಂಟಿನ ಲೆಕ್ಕ ಸೊನ್ನೆ ಎಂದಳು. ಸಭೆಯ ನೋಟೀಸು ಬರೆಯುವ ಭಾಗ್ಯ ನನ್ನದಾಯಿತು. ಹಿರಿಯರಿಂದ ಬಂದ ಸಂಸ್ಕೃತದ ಚಪಲ ಬಿಡಬೇಕಲ್ಲ! 'ಶೂನ್ಯ ವಿದ್ಯುತ್ ಕಚೇರಿ' ಎಂದು ದಪ್ಪಕ್ಷರದಲ್ಲಿ ಬರೆದೆ.

"ಕರೆಂಟೇ ಇಲ್ದ ಆಫೀಸ್ ಕಟ್ಟಾಕೆ ಎಂಜಿನಿಯರ್ ಯಾಕ್ರೀ?" ಎಂದರು ಚನ್ನಬಸಪ್ಪ. "ಈಗಿರೋದ್ರಾಗೆ ಎಲ್ಲೈತಿ ಕರೆಂಟು?"

ಸಭೆ ಗೊಳ್ಳೆಂದಿತು. ಶೂನ್ಯವೆಂದರೆ ಬರಿದಲ್ಲ, ತುಂಬಿದ್ದು ಎಂದು ಶರಣರ ಮಾತು ಕೇಳುತ್ತ ಬೆಳೆದ ಸೀಮೆ ನಮ್ಮದು. ಆದರೆ ನೋಟೀಸಿನ ಕಾಗದದಲ್ಲಿ ಅಷ್ಟು ತತ್ವ ಹಿಡಿಯುವುದಿಲ್ಲ. ನನ್ನ ಪಾಂಡಿತ್ಯವನ್ನು ಸವಿತಾಳೇ ಕಾಪಾಡಬೇಕಾಯಿತು.

"ನೆರೆಮನೆಗೆ ಹೆಪ್ಪು ಕೊಡೂದಿಲ್ವಾ ಅಧ್ಯಕ್ಷರೆ? ನಮ್ಮನೇಲಿ ಇಲ್ದಿದ್ ದಿನ ಅವ್ರ ಹತ್ರ ಇಸ್ಕೊಳ್ಳೂದಿಲ್ವಾ? ಇದೂ ಹಂಗೇ. ಬಿಸಿಲಿದ್ದಾಗ ಮಿಕ್ಕಿದ ಕರೆಂಟು ಲೈನಿಗೆ ಕೊಡೂದು, ಮೋಡ ಹಾಕ್ದಾಗ ತಗೊಳ್ಳೂದು. ವರ್ಷಕ್ಕೆ ಕೊಟ್ಟಿದ್ದು ತಗೊಂಡಿದ್ದು ಸಮ. ಅದೇ ಸೊನ್ನೆ."

ಹೆಪ್ಪಿನ ಲೆಕ್ಕ ಎಲ್ಲರಿಗೂ ಹಿಡಿಸಿತು. ಆದರೆ ನಕ್ಷೆ ಕೈಗೆ ಬಂದಾಗ, ಅದುವರೆಗೆ ನಡಾವಳಿ ಬರೆಯುತ್ತಿದ್ದ ಗಿರಿಜಮ್ಮ ಮೇಜಿನ ಎತ್ತರದಲ್ಲಿದ್ದ ಆ ದೊಡ್ಡ ಕಿಟಕಿಗಳ ಮೇಲೆ ಬೆರಳಿಟ್ಟರು.

"ಚೆಂದ ಐತವ್ವಾ. ಮೂರ್ನೇ ದಿನಕ್ಕೆ ನಾವೇ ಮುಚ್ತೀವಿ."

"ಎಂತಕ್ಕೆ ಗಿರಿಜಕ್ಕಾ?"

"ಗಾಳಿ ಮೇಜಿನ ಮ್ಯಾಲೇ ಬಂದ್ರೆ ಪಹಣಿ ಉಳೀತಾವೇನು? ಹಾರಿ ಕಲೆತ್ರೆ ಯಾರ ಹೊಲ ಯಾರ್ದೋ ಆಗ್ತೈತಿ!"

ತಮ್ಮ ಮಾತಿಗೆ ತಾವೇ ನಕ್ಕರು. ನಗೆ ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು. ಕುರ್ಚಿಯ ಅಂಚು ಹಿಡಿದು ಅವರು ಉಸಿರಿಗೆ ತಡಕಾಡಿದರು. ಕಿಟಕಿ ಮುಚ್ಚಿಸಿದ್ದು ಕಾಗದ, ಕಾಗದ ನಮ್ಮದು, ಉಸಿರು ಮಾತ್ರ ಅವರದು ಎಂಬುದು ಇಷ್ಟು ವರ್ಷ ನಮಗೆ ಹೊಳೆದಿರಲೇ ಇಲ್ಲ.

ಚನ್ನಬಸಪ್ಪನವರು ನಕ್ಷೆಯನ್ನು ತಮ್ಮತ್ತ ಎಳೆದುಕೊಂಡರು. "ಗಾಳಿಯಾಡದಿದ್ರೆ ಜೋಳಕ್ಕೇ ಬೂಷ್ಟು ಹಿಡೀತೈತಿ. ನಾನು ಗೋದಾಮಿಗೆ ಗಾಳಿ ಬಿಟ್ಟೀನಿ, ಮನುಷ್ಯರಿಗೆ ಗಾಜು ಹಾಕ್ಸಾಕ್ ಹೊಂಟಿದ್ನಲ್ಲ! ಕಾಗ್ದ ಹಾರ್ದಂಗೆ ಗಾಳಿ ತರಾಕಾಗ್ತದೇನವ್ವಾ?"

ಸವಿತಾ ಅಲ್ಲೇ ಪೆನ್ಸಿಲು ತೆಗೆದಳು. ಮೇಜಿನ ಮಟ್ಟದಲ್ಲಿ ಬೆಳಕಿಗೆ ಮಾತ್ರ ತೆರೆಯದ ಗಾಜು. ಮೊಣಕಾಲಿನ ಕೆಳಗೆ ಜಾಲರಿಯ ಕಿಂಡಿ, ಸೂರಿನಡಿ ಗವಾಕ್ಷಿ. ಗಾಳಿ ಕಾಲ ಬುಡದಲ್ಲಿ ಒಳಬಂದು ತಲೆಯ ಮೇಲೆ ಹೊರಹೋಗಬೇಕು. ನಡುವಿನ ಪಹಣಿಗೆ ಸುದ್ದಿಯೇ ತಿಳಿಯಬಾರದು. ಅಧ್ಯಕ್ಷರ ಸಮಾಧಾನಕ್ಕೆ ಒಂದಿಷ್ಟು ಗಾಜೂ ಉಳಿಯಿತು.

ಕಟ್ಟಡ ಎದ್ದು ಈಗ ವರ್ಷ ದಾಟಿದೆ. ಹೆಪ್ಪಿನ ಲೆಕ್ಕ ಹೆಚ್ಚುಕಡಿಮೆ ಸಮವಾಗಿದೆ. ಉಸಿರೂ ಇಂಥದೇ ಲೆಕ್ಕವಲ್ಲವೇ ಎಂದು ಒಮ್ಮೊಮ್ಮೆ ಅನಿಸುತ್ತದೆ: ಒಳಗೆಳೆದದ್ದೂ ಹೊರಬಿಟ್ಟದ್ದೂ ಸರಿಹೋಗುತ್ತಿರುವವರೆಗೆ ಅದರ ನೆನಪೇ ಯಾರಿಗೂ ಬಾರದು.

ಮೊನ್ನೆ ಹೊಸ ಕಟ್ಟಡದಲ್ಲಿ ಸರ್ವಸದಸ್ಯರ ಸಭೆ. ಹಿಂದಿನ ಸಭೆಯ ನಡಾವಳಿ ಓದುವುದು ಗುಮಾಸ್ತೆಯ ಕೆಲಸ. ಹಳೆಯ ಕೋಣೆಯಲ್ಲಿ ಗಿರಿಜಮ್ಮನಿಗೆ ಅರ್ಧ ಪುಟಕ್ಕೇ ಉಸಿರು ಕಟ್ಟುತ್ತಿತ್ತು. ಉಳಿದದ್ದನ್ನು ಓದಿದಂತೆಯೇ ಭಾವಿಸಿ ನಾವೆಲ್ಲ ಊಟಕ್ಕೆ ಏಳುತ್ತಿದ್ದೆವು. ಈ ಸಲ ಅರ್ಧ ಪುಟವಾಯಿತು, ಒಂದಾಯಿತು, ನಾಲ್ಕಾಯಿತು. ಒಳಗಿನಿಂದ ಕೋಸಂಬರಿಯ ಒಗ್ಗರಣೆಯ ಪರಿಮಳ ಬರತೊಡಗಿತು. ಚನ್ನಬಸಪ್ಪನವರು ಅರ್ಧ ಎದ್ದು, "ಸಾಕ್ ಬಿಡ್ರಿ ಗಿರಿಜಮ್ಮ, ಓದ್ದಂಗೇ ಆತು" ಎಂದರು.

"ಕೂತ್ಕಳ್ರಿ ಅಧ್ಯಕ್ಷರೆ, ಹನ್ನೊಂದ್ ಪುಟ ಐತಿ" ಎಂದ ಗಿರಿಜಮ್ಮ, ಹಾಳೆ ಮಗುಚಿ ಮುಂದಿನ ಠರಾವಿಗೆ ನಡೆದರು.