ನಾಲ್ಕು ವರ್ಷದ ಐವತ್ತೆಂಟು ಕಿಲೋ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದರಿಂದ ಎಲ್ಲರೂ ಅವಳನ್ನು ಕಡತದಕ್ಕ ಎನ್ನುತ್ತಿದ್ದರು. ಅಲ್ಲಿಗೆ ಬಂದ ಹೊಸ ಕಂಪ್ಯೂಟರ್ ವಯಸ್ಸಾದವರ ತೂಕ, ಮಾತ್ರೆ, ಎಷ್ಟು ಸಲ ಬಿದ್ದರೆಂಬ ಲೆಕ್ಕ ಎಲ್ಲವನ್ನೂ ಜಾಲಾಡಿ, ಯಾರ ಮೈ ಸೋಲುತ್ತಿದೆ ಎಂದು ಪಟ್ಟಿ ಕೊಡುತ್ತಿತ್ತು. ಪಟ್ಟಿಯಲ್ಲಿದ್ದವರ ಮನೆಗೆ ನರ್ಸ್ ಬರುತ್ತಾಳೆ. ದಿನಾ ಮೂರು ಬೀದಿ ಸುತ್ತುವ ನಿವೃತ್ತ ಪೋಸ್ಟ್‌ಮ್ಯಾನ್ ಅದರಲ್ಲಿದ್ದ. ಗೋಡೆ ಹಿಡಿಯದೆ ಅಡುಗೆಮನೆಗೂ ಹೋಗಲಾಗದ ಕಡತದಕ್ಕನ ಅತ್ತಿಗೆ ಇರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ಇವರಿಬ್ಬರೇ. ಇವಳು ಕೆಲಸಕ್ಕೆ ಹೊರಟರೆ ಅತ್ತಿಗೆಗೆ ಯಾರೂ ಇಲ್ಲ. ಆ ನರ್ಸ್ ಬರಲೇಬೇಕಿತ್ತು.

ಅತ್ತಿಗೆಯ ದಾಖಲೆ ತೆರೆದವಳು ಹಣೆ ಚಚ್ಚಿಕೊಂಡಳು. ನಾಲ್ಕು ವರ್ಷದಿಂದ ಐವತ್ತೆಂಟು ಕಿಲೋ, ಒಂದು ಗ್ರಾಮೂ ಅಲ್ಲಾಡಿಲ್ಲ. ತೂಕದ ಯಂತ್ರ ಇರುವುದು ಕಾರಿಡಾರಿನ ಆ ತುದಿಯಲ್ಲಿ. ಕೌಂಟರಿನವಳು ಕೂತಲ್ಲಿಂದಲೇ "ತೂಕ ಎಷ್ಟಮ್ಮ? ಬಿದ್ದಿದ್ರಾ?" ಎನ್ನುತ್ತಾಳೆ, ಅತ್ತಿಗೆ ಐವತ್ತೆಂಟು, ಬಿದ್ದಿಲ್ಲ ಎಂದು ಗಿಳಿಪಾಠ ಒಪ್ಪಿಸುತ್ತಾರೆ.

ಸಂಜೆ ಮನೆಗೆ ಬಂದವಳೇ ಶುರು ಮಾಡಿದಳು. "ಮೊನ್ನೆ ಬಚ್ಚಲಲ್ಲಿ ಬಿದ್ರಲ್ಲ, ಹೇಳೋಕೇನಾಗಿತ್ತು ಅತ್ತಿಗೆ?"

"ಬಿದ್ದೆ ಅಂತ ಯಾರಂದ್ರು? ಕೂತ್ಕೊಂಡೆ."

"ಒದ್ದೆ ನೆಲದ ಮೇಲಾ?"

"ಕೂರಬಾರ್ದು ಅಂತ ಕಾನೂನಿದ್ಯಾ?"

ಮರುದಿನ ಅವರನ್ನು ಆಸ್ಪತ್ರೆಗೆ ಹೊರಡಿಸಿಕೊಂಡು ಬಂದು ತಾನೇ ಯಂತ್ರದ ಮೇಲೆ ನಿಲ್ಲಿಸಿದಳು. ಕೈಚೀಲ ಬಿಡಲು ಒಂದು ರಂಪ, ಶಾಲು ತೆಗೆಯಲು ಇನ್ನೊಂದು. ನಲವತ್ತೆರಡು ಕಿಲೋ.

"ಮಿಷಿನ್ ಕೆಟ್ಟಿದೆ," ಎಂದರು ಅತ್ತಿಗೆ.

ನಲವತ್ತೆರಡು ಎಂದು ಒತ್ತಿದರೆ, ಹಳೆಯ ತೂಕಕ್ಕೆ ತಾಳೆಯಾಗುತ್ತಿಲ್ಲ, ಮತ್ತೆ ಪರಿಶೀಲಿಸಿ ಎಂದಿತು ಕಂಪ್ಯೂಟರ್. ನಾಲ್ಕು ಸಲ ಒತ್ತಿದಳು. ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ನೋಡು, ಅದೂ ನಂಬ್ತಿಲ್ಲ."

ಕಡತದಕ್ಕನ ಪಿತ್ತ ನೆತ್ತಿಗೇರಿತು. ನಾಲ್ಕು ವರ್ಷದ ಸುಳ್ಳನ್ನು ಕಣ್ಣುಮುಚ್ಚಿ ನುಂಗಿದ ಕಂಪ್ಯೂಟರಿಗೆ ಈಗ ನಿಜಕ್ಕೆ ಸಾಕ್ಷಿ ಬೇಕಂತೆ. ಡಾಕ್ಟರನ್ನು ಎಳೆತಂದು ಒಪ್ಪಿಗೆ ಹಾಕಿಸಿದಳು. ಕಂಪ್ಯೂಟರಿನ ಮುಂದಿನ ಪ್ರಶ್ನೆ: ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ?

"ಕೂತ್ಕೊಂಡೆ ಅಂತ ಮಾತ್ರ ಅನ್ಬೇಡಿ ಅತ್ತಿಗೆ. ನಂಗೆ ಸಾಕಾಗಿದೆ. ಇಲ್ಲಿ ಫೋನ್ ಬಡ್ಕೊಂಡ್ರೆ ಸಾಕು, ಎದೆ ಧಸಕ್ ಅನ್ನತ್ತೆ. ಭಯ ಆಗತ್ತೆ ನಂಗೆ."

ಅತ್ತಿಗೆ ಶಾಲು ಹೊದ್ದುಕೊಂಡರು, ಅಂಚು ಸರಿಮಾಡಿಕೊಂಡರು.

"ಬರ್ಕೋ. ಏಳು."

ಕಡತದಕ್ಕನಿಗೆ ಗೊತ್ತಿದ್ದದ್ದು ಬಚ್ಚಲಿನದೊಂದೇ.

"ಏಳಾ? ಒಂದೇ ಮನೇಲಿದ್ದೂ ನಂಗೆ ಗೊತ್ತಾಗ್ಲಿಲ್ವಲ್ಲ ಅತ್ತಿಗೆ."

"ನೀನು ಬರೋ ಹೊತ್ತಿಗೆ ಹೇಗೋ ಎದ್ದು ಕೂತಿರ್ತಿದ್ದೆ."