ಅತ್ತಿಗೆಯ ಓಟು

ಅಧಿಕಾರಿ ಒಪ್ಪಲಿಲ್ಲ ಎಂದು ಆ ದಿನ ನಾನು ಹೇಳಿದ್ದು ಸುಳ್ಳು, ಅತ್ತಿಗೆ. ಅವರು ಒಪ್ಪಲು ತಯಾರಿದ್ದರು. ನಾನೇ ಬಾಯಿ ಬಿಡಲಿಲ್ಲ.

ನಿನಗೆ ನೆನಪಿರಬಹುದು — ಊರಿನ ಅರಣ್ಯ ಸಮಿತಿಯ ನಿಯಮ ತಿದ್ದಲು ಅರಣ್ಯ ಇಲಾಖೆಯ ಅಧಿಕಾರಿ ಸಭೆ ಕರೆದಿದ್ದರು. ಯಾವ ಗುಡ್ಡಕ್ಕೆ ಬೇಲಿ ಹಾಕಬೇಕು, ಎಲ್ಲಿಂದ ಕೊಟ್ಟಿಗೆಗೆ ಸೊಪ್ಪು ತರಬಹುದು ಎಂದು ತೀರ್ಮಾನಿಸುವುದು ಆ ಸಮಿತಿ. ಮನೆಗೆ ಒಂದೇ ಓಟು, ಅದೂ ಯಜಮಾನನದು. ಅಣ್ಣ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದಿತ್ತು — ಬೆಟ್ಟದ ಕಡೆ ತಲೆ ಹಾಕದ ನನಗೆ! ಸಭೆಗೆ ಹೊರಟವನನ್ನು ನೀನು ಬಾಗಿಲಲ್ಲಿ ನಿಲ್ಲಿಸಿದೆ.

“ದಿನಾ ಬೆಟ್ಟಕ್ಕೆ ಹೋಪದು ಆನು. ಎಂಗೊಂದು ಓಟು ಬ್ಯಾಡ್ದನಾ? ನೀ ಹೇಳ್ತ್ಯಾ, ತಮಾ?”

“ಹೇಳ್ತೆ,” ಎಂದೆ. ಹೇಳುವ ಮನಸ್ಸೂ ಇತ್ತು — ಇತ್ತೆಂದೇ ಅಂದುಕೊಳ್ಳುತ್ತೇನೆ.

ಆ ಮಧ್ಯಾಹ್ನ ನೆನಪಿಗೆ ಬರುವುದೇ ಕನಸಿನ ಹಾಗೆ. ಶಾಲೆಯ ಕೋಣೆ, ಊಟದ ಮೇಲಿನ ಮಂಪರು, ಕಿಟಕಿಯ ಬಿಸಿಲಲ್ಲಿ ತೇಲುವ ಧೂಳು. ಒಬ್ಬರು ಮನೆತನ ಎನ್ನುತ್ತಿದ್ದರು, ಇನ್ನೊಬ್ಬರು ಕಾನೂನು ಎನ್ನುತ್ತಿದ್ದರು. ಎಲ್ಲವೂ ದೂರದಲ್ಲೆಲ್ಲೋ ಜೇನು ಗುಂಯ್‌ಗುಟ್ಟಿದಂತೆ ಕೇಳುತ್ತಿತ್ತು. ಎಲೆ-ಅಡಿಕೆಯ ಕವಳದ ತಟ್ಟೆ ಕೈಯಿಂದ ಕೈಗೆ ಸಾಗುತ್ತಿತ್ತು. ಆಗ ಧಾರವಾಡ ಕಡೆಯ ಆ ಅಧಿಕಾರಿ, “ಹೆಣ್ಮಕ್ಕಳಿಗೂ ಓಟು ಕೊಡೂದಕ್ಕ ನಂದೇನು ಅಡ್ಡಿ ಇಲ್ರಿ. ಸದಸ್ಯರೊಬ್ಬರು ಎದ್ದು ಹೇಳ್ರಿ, ಬರಕೋತೀನಿ,” ಎಂದರು.

ತಟ್ಟೆ ನನ್ನ ಮುಂದಿತ್ತು. ಎಲೆಗೆ ಸುಣ್ಣ ಹಚ್ಚಿ, ಅಡಿಕೆ, ಹೊಗೆಸೊಪ್ಪು ಸೇರಿಸಿ, ಬಾಯಿ ತುಂಬ ಕವಳ ಹಾಕಿಕೊಂಡೆ. ಬೇಕೆಂದೇ ಹಾಕಿಕೊಂಡೆ. ಬಾಯಲ್ಲಿ ಕವಳ ಇದ್ದವನನ್ನು ನಮ್ಮಲ್ಲಿ ಯಾರೂ ಮಾತಿಗೆಳೆಯುವುದಿಲ್ಲ. ಮಾತಾಡಲೇಬೇಕೆಂದರೆ ಎದ್ದು ಹೊರಗೆ ಹೋಗಿ ಉಗಿದು ಬರಬೇಕು — ನಾನು ಏಳಲಿಲ್ಲ. ಅಧಿಕಾರಿ ನನ್ನತ್ತ ನೋಡಿದಾಗ ಕಣ್ಣು ಅರೆಮುಚ್ಚಿ ಕುಳಿತೆ. ನಿನಗೊಂದು ಓಟು ಬಂದರೆ ನಾನು ಯಜಮಾನನಾಗಿ ಉಳಿಯುವುದಿಲ್ಲ ಎಂಬ ಹೆದರಿಕೆ — ಅಷ್ಟೇ, ಬೇರೇನೂ ಅಲ್ಲ.

ಮನೆಗೆ ಬಂದು, “ಸಾಹೇಬ್ರು ಒಪ್ಪಿದ್ವಿಲ್ಲೆ,” ಎಂದೆ.

“ಹೋಗ್ಲಿ ಬಿಡು. ನೀ ಹೇಳಿದ್ಯಲಾ, ಅಷ್ಟ್ ಸಾಕು,” ಎಂದು ನೀನು ಮಜ್ಜಿಗೆ ಕೊಟ್ಟೆ. ಕುಡಿದೆ.

ಹತ್ತಿರದ ಗುಡ್ಡಕ್ಕೆ ಬೇಲಿ ಬಿತ್ತು. ಅಂದಿನಿಂದ ಇಷ್ಟು ವರ್ಷವೂ ನೀನು ದೂರದ ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತು ಬಂದೆ. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, “ಸಭೇಲಿ ಎನ್ನ ಪರ ಮಾತಾಡಿದ್ದು ಇಂವ ಒಬ್ನೇಯ,” ಎನ್ನುತ್ತಿದ್ದೆ. ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ನಾನು ಆ ಕೋಣೆಯಲ್ಲಿ ಎದ್ದು ನಿಂತು ಮಾತಾಡುತ್ತೇನೆ — ಎಷ್ಟು ಚೆನ್ನಾಗಿ ಮಾತಾಡುತ್ತೇನೆ! ಎಚ್ಚರವಾದರೆ ನಾಚಿಕೆಯಾಗುತ್ತದೆ.

ಕೊನೆಗೂ ಈ ವರ್ಷ ನಿಯಮ ಬದಲಾಯಿತು, ನನ್ನ ಸಹಾಯವಿಲ್ಲದೆ. ಮೊನ್ನೆ ಸಮಿತಿಯಲ್ಲಿ ಹೆಂಗಸರೂ ಕೈ ಎತ್ತಿದರು. ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರು ಬಂದಾಗ ಎಲ್ಲರಿಗಿಂತ ಮೊದಲು ಎದ್ದ ಕೈ ನಿನ್ನದು, ಅತ್ತಿಗೆ. ಇಷ್ಟು ವರ್ಷ ಕಾದು ಪಡೆದ ಓಟು — ಅದನ್ನು ನನಗೆ ಹಾಕಿದೆ.

ಅಧ್ಯಕ್ಷಗಿರಿ ಬಿಡುತ್ತೇನೆ. ಮುಂದಿನ ಸಭೆಯಲ್ಲಿ ಎಲ್ಲರ ಎದುರು ಕಾರಣವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು, ಇವತ್ತೇ, ನಿನಗೆ ಹೇಳಬೇಕು. ಯಾರಿಗೆ ಓಟು ಹಾಕಿದೆ ಎಂಬುದು ನಿನಗಾದರೂ ಗೊತ್ತಾಗಲಿ.